ಹೂವಿಗೆ ಒಂದೇ, ಕಿಡ್ನಿಗೆ ಹತ್ತಾರು: ‘ಕ್ಯಾಲಿಸೀಸ್’ ಎಂಬ ಬಹುವಚನ

(ವಿಜ್ಞಾನ ಶಿಕ್ಷಕರು ಮತ್ತು ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಿಡ್ನಿ ಸ್ಕ್ಯಾನಿಂಗ್ ವರದಿಗಳಲ್ಲಿ ಒಂದು ಸಾಲು ಮೇಲಿಂದ ಮೇಲೆ ಬರುತ್ತದೆ: ಎಡ ಕಿಡ್ನಿಯ ಲೋವರ್ ಕ್ಯಾಲಿಕ್ಸ್‌ನಲ್ಲಿ 6 ಮಿ.ಮೀ. ಕಲ್ಲು, ಉಳಿದ ಕ್ಯಾಲಿಸೀಸ್ ಸಹಜ. ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ದಾಸವಾಳದ ಹೂವಿನ ಬುಡಕ್ಕೆ ಬಾಣ ಎಳೆದು ಅಲ್ಲೂ ಕ್ಯಾಲಿಕ್ಸ್ ಎಂದೇ ಬರೆದಿರುತ್ತಾರೆ. ಕ್ಯಾಲಿಕ್ಸ್ ಏಕವಚನ, ಕ್ಯಾಲಿಸೀಸ್ ಅದರ ಬಹುವಚನ. ಅಂಗರಚನಾಶಾಸ್ತ್ರ, ಸಸ್ಯಶಾಸ್ತ್ರ ಎರಡೂ ಈ ಪದವನ್ನು ದಿನಾ ಬಳಸುತ್ತವೆ. ಆದರೆ ಎರಡು ಕಡೆ ಎಣಿಸುವ ರೀತಿ ಬೇರೆ. ಆ ವ್ಯತ್ಯಾಸ ಹಿಡಿಯದೆ ಹೋದರೆ ಅನುವಾದ ತಪ್ಪುತ್ತದೆ, ಪಾಠ ತಪ್ಪುತ್ತದೆ, ಕೆಲವೊಮ್ಮೆ ರೋಗಿ ತನ್ನ ವರದಿಯನ್ನೇ ತಪ್ಪಾಗಿ ಓದಿಕೊಳ್ಳುತ್ತಾನೆ.

ಪದದ ಮೂಲವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಗ್ರೀಕ್‌ನಲ್ಲಿ ಮೊಗ್ಗಿನ ಹೊದಿಕೆಗೆ, ಸಿಪ್ಪೆಗೆ ಒಂದು ಪದವಿತ್ತು. ಲ್ಯಾಟಿನ್‌ನಲ್ಲಿ ಕುಡಿಯುವ ಬಟ್ಟಲಿಗೆ ಇನ್ನೊಂದು. ಉಚ್ಚಾರ ಹತ್ತಿರವಾದದ್ದರಿಂದ ಎರಡೂ ಕಲೆತುಹೋದವು. ಹೂವಿನ ವಿಷಯದಲ್ಲಿ ಹೊಂದುವುದು ಮೊಗ್ಗಿನ ಹೊದಿಕೆ ಎಂಬ ಅರ್ಥ, ಕಿಡ್ನಿಯ ವಿಷಯದಲ್ಲಿ ಹೊಂದುವುದು ಬಟ್ಟಲು ಎಂಬ ಅರ್ಥ. ಇಂಗ್ಲಿಷ್ ಕಾಗುಣಿತದಲ್ಲಿ ಕೆಲವರು ‘ವೈ’ ಅಕ್ಷರ, ಕೆಲವರು ‘ಐ’ ಅಕ್ಷರ ಹಾಕುವುದು ಈ ಬೆರಕೆಯಿಂದಲೇ. ವೈದ್ಯಕೀಯ ಪುಸ್ತಕದಲ್ಲಿ ಎರಡೂ ರೂಪ ಕಂಡರೆ ಅಚ್ಚಿನ ತಪ್ಪೆಂದು ತಿದ್ದಲು ಹೋಗಬೇಡಿ.

ಈಗ ಎಣಿಕೆಯ ಮಾತು. ಹೂವಿನಲ್ಲಿ ಕ್ಯಾಲಿಕ್ಸ್, ಕನ್ನಡದಲ್ಲಿ ಪುಷ್ಪಪಾತ್ರೆ, ಎಂದರೆ ಹೊರಸುತ್ತಿನ ಹಸಿರು ಎಸಳುಗಳೆಲ್ಲ ಸೇರಿದ ಇಡೀ ಸುತ್ತು. ಅದರ ಬಿಡಿ ಭಾಗ ಸೆಪಲ್, ಕನ್ನಡದಲ್ಲಿ ಪುಷ್ಪಪತ್ರ. ಒಂದು ಹೂವಿಗೆ ಪುಷ್ಪಪತ್ರ ಐದಿರಬಹುದು, ನಾಲ್ಕಿರಬಹುದು, ಪುಷ್ಪಪಾತ್ರೆ ಮಾತ್ರ ಒಂದೇ. ‘ದಾಸವಾಳದಲ್ಲಿ ಐದು ಕ್ಯಾಲಿಸೀಸ್ ಇವೆ’ ಎಂದು ಉತ್ತರ ಪತ್ರಿಕೆಯಲ್ಲಿ ಬರೆದರೆ ತಪ್ಪು. ಸಸ್ಯಶಾಸ್ತ್ರದಲ್ಲಿ ಕ್ಯಾಲಿಸೀಸ್ ಎಂದಾಗ ಹೂವುಗಳೇ ಹಲವು ಎಂದು ಅರ್ಥ. ಕಿಡ್ನಿಯಲ್ಲಿ ಹಾಗಲ್ಲ. ಒಂದೇ ಕಿಡ್ನಿಯೊಳಗೆ ಹತ್ತಾರು ಕ್ಯಾಲಿಸೀಸ್ ಇರುತ್ತವೆ, ಪ್ರತಿಯೊಂದೂ ತಾನೇ ಒಂದು ಪೂರ್ತಿ ಬಟ್ಟಲು.

ಮೊದಲು ಕಿಡ್ನಿಯ ಒಳಗೆ ಹೋಗೋಣ. ಕಿಡ್ನಿಯನ್ನು ಉದ್ದಕ್ಕೆ ಸೀಳಿದರೆ ಹೊರಗೆ ಕಾರ್ಟೆಕ್ಸ್, ಒಳಗೆ ಗೆರೆಗೆರೆಯಾದ ಪಿರಮಿಡ್‌ಗಳು ಕಾಣುತ್ತವೆ. ಪಿರಮಿಡ್ಡಿನ ತುದಿ ಒಳಮುಖವಾಗಿರುತ್ತದೆ, ಅದಕ್ಕೆ ಪ್ಯಾಪಿಲಾ ಎಂದು ಹೆಸರು. ಈ ತುದಿಯಲ್ಲಿ ಜರಡಿಯ ಹಾಗೆ ಸಣ್ಣ ತೂತುಗಳಿದ್ದು ಮೂತ್ರ ಅಲ್ಲಿಂದ ಜಿನುಗುತ್ತದೆ. ಪ್ಯಾಪಿಲಾದ ತುದಿಯನ್ನು ಸುತ್ತ ಹಿಡಿದು ಕೂತ ಬಟ್ಟಲೇ ಮೈನರ್ ಕ್ಯಾಲಿಕ್ಸ್. ಮನುಷ್ಯನ ಒಂದು ಕಿಡ್ನಿಯಲ್ಲಿ ಸಾಮಾನ್ಯವಾಗಿ ಇಂಥವು 8ರಿಂದ 12. ಕೆಲವು ಮೈನರ್ ಸೇರಿ ಒಂದು ಮೇಜರ್ ಕ್ಯಾಲಿಕ್ಸ್, ಎರಡು ಅಥವಾ ಮೂರು ಮೇಜರ್ ಸೇರಿ ರೀನಲ್ ಪೆಲ್ವಿಸ್ (ಮೂತ್ರ ಬಂದು ಕೂಡುವ ಆಲಿಕೆ), ಅಲ್ಲಿಂದ ಮುಂದೆ ಮೂತ್ರನಾಳ. ವರದಿಯಲ್ಲಿ ಪಿ.ಸಿ.ಎಸ್. ಎಂದು ಬರೆಯುವುದು ಪೆಲ್ವಿಸ್ ಮತ್ತು ಕ್ಯಾಲಿಸೀಸ್ ಎರಡನ್ನೂ ಸೇರಿಸಿದ ವ್ಯವಸ್ಥೆಗೆ.

ಈ ಲೆಕ್ಕ ಎಲ್ಲರಲ್ಲೂ ಒಂದೇ ಇರುವುದಿಲ್ಲ. ಭ್ರೂಣದಲ್ಲಿ ಮೂತ್ರನಾಳದ ಮೊಳಕೆ ಕವಲೊಡೆಯುತ್ತಾ ಹೋಗಿ, ಮೊದಲ ಕೆಲವು ಕವಲುಗಳು ಒಂದರಲ್ಲೊಂದು ಕೂಡಿಕೊಂಡು ಪೆಲ್ವಿಸ್ ಮತ್ತು ಕ್ಯಾಲಿಸೀಸ್ ಆಗುತ್ತವೆ. ಎಷ್ಟು ಕವಲು, ಎಲ್ಲಿ ಕೂಡಿತು ಎಂಬುದರ ಮೇಲೆ ಎಣಿಕೆ ಬದಲಾಗುತ್ತದೆ. ಒಬ್ಬರದೇ ಎಡ ಬಲ ಕಿಡ್ನಿಗಳು ಕೂಡ ಹೊಂದುವುದಿಲ್ಲ. ಕಿಡ್ನಿಯ ಮೇಲು ಕೆಳಗಿನ ತುದಿಗಳಲ್ಲಿ ಎರಡು ಮೂರು ಪಿರಮಿಡ್ಡುಗಳು ಬೆಸೆದುಕೊಂಡು ಒಂದೇ ದೊಡ್ಡ ಕ್ಯಾಲಿಕ್ಸ್‌ಗೆ ಮೂತ್ರ ಬಿಡುವುದೂ ಸಾಮಾನ್ಯ. ಪರೀಕ್ಷೆಯಲ್ಲಿ ‘8ರಿಂದ 12’ ಎಂದು ಬರೆಯಿಸಿ, ಆದರೆ ಏಳು ಇದ್ದರೆ ರೋಗ ಎಂಬ ಭಾವನೆ ಮಕ್ಕಳಲ್ಲಿ ಮೂಡದ ಹಾಗೆ ನೋಡಿಕೊಳ್ಳಿ.

ಕ್ಯಾಲಿಕ್ಸ್ ಬರಿದೇ ಬಟ್ಟಲಾಗಿ ಕೂತಿರುವುದಿಲ್ಲ ಎಂಬುದನ್ನು ನಮ್ಮ ಪಾಠಗಳು ಹೇಳುವುದೇ ಕಡಿಮೆ. ಅದರ ಗೋಡೆಯಲ್ಲಿ ನಯಸ್ನಾಯು ಇದೆ. ಮೂತ್ರವನ್ನು ಕೆಳಕ್ಕೆ ದೂಡುವ ಅಲೆ ಶುರುವಾಗುವುದೇ ಮೈನರ್ ಕ್ಯಾಲಿಕ್ಸ್‌ನ ಗೋಡೆಯಲ್ಲಿ, ಅಲ್ಲಿ ಮಿಡಿತ ಹುಟ್ಟಿಸುವ ವಿಶೇಷ ಕೋಶಗಳಿವೆ. ಅಲೆ ಅಲ್ಲಿಂದ ಪೆಲ್ವಿಸ್‌ಗೆ, ಮೂತ್ರನಾಳಕ್ಕೆ ಸಾಗುತ್ತದೆ. ಮಲಗಿದಾಗಲೂ ಮೂತ್ರ ಮೂತ್ರಕೋಶಕ್ಕೆ ಇಳಿಯುವುದು ಇದರಿಂದಲೇ.

ಹೀಗಿದ್ದೂ ಕಲ್ಲು ಕ್ಯಾಲಿಕ್ಸ್‌ನಲ್ಲೇ ಏಕೆ ಕೂರುತ್ತದೆ? 1937ರಲ್ಲಿ ಅಲೆಕ್ಸಾಂಡರ್ ರಾಂಡಲ್ ಎಂಬ ಅಮೆರಿಕದ ಮೂತ್ರರೋಗ ತಜ್ಞ ಪ್ಯಾಪಿಲಾದ ಮೇಲಿನ ಸಣ್ಣ ಸುಣ್ಣದ ಕಲೆಗಳನ್ನು ವಿವರಿಸಿದರು. ಅವಕ್ಕೆ ಇಂದಿಗೂ ರಾಂಡಲ್ ಪ್ಲಾಕ್ ಎಂದೇ ಹೆಸರು. ಕಲೆ ಕ್ಯಾಲ್ಸಿಯಂ ಫಾಸ್ಫೇಟಿನದು, ಅದರ ಮೇಲೆ ಕ್ಯಾಲ್ಸಿಯಂ ಆಕ್ಸಲೇಟ್ ಪದರ ಪದರವಾಗಿ ಬೆಳೆಯುತ್ತದೆ. ಪ್ಯಾಪಿಲಾಕ್ಕೆ ಅಂಟಿಕೊಂಡು ಬೆಳೆದ ಕಲ್ಲು ಒಂದು ದಿನ ಕಳಚಿ ಬೀಳುತ್ತದೆ, ಬೀಳುವುದು ಕ್ಯಾಲಿಕ್ಸ್‌ನೊಳಕ್ಕೆ. ಎಲ್ಲ ಕಲ್ಲುಗಳೂ ಹೀಗೇ ಹುಟ್ಟುತ್ತವೆ ಎಂದಲ್ಲ. ಕೆಲವು ಬ್ಯಾಕ್ಟೀರಿಯಾಗಳ ಸೋಂಕಿನಿಂದ ಆಗುವ ಕಲ್ಲು ಪೆಲ್ವಿಸ್ ತುಂಬಿ ಒಂದೊಂದೇ ಕ್ಯಾಲಿಕ್ಸ್‌ಗೆ ಕವಲು ಚಾಚುತ್ತದೆ. ಅದನ್ನು ಸ್ಟ್ಯಾಗ್‌ಹಾರ್ನ್, ಅಂದರೆ ಸಾರಂಗದ ಕೊಂಬಿನ ಕಲ್ಲು ಎನ್ನುತ್ತಾರೆ. ಇಡೀ ಕಲ್ಲನ್ನು ತೆಗೆದು ಕೈಯಲ್ಲಿ ಹಿಡಿದರೆ ಪೆಲ್ವಿಸ್ ಮತ್ತು ಕ್ಯಾಲಿಸೀಸ್‌ನ ಆಕಾರ ಪೂರ್ತಿ ಅಚ್ಚೊತ್ತಿದಂತೆ ಕಾಣುತ್ತದೆ.

ಯಾವ ಕ್ಯಾಲಿಕ್ಸ್ ಎಂಬುದನ್ನು ವರದಿ ನಮೂದಿಸುವುದು ಚಿಕಿತ್ಸೆ ಅದರ ಮೇಲೆ ನಿಂತಿರುವುದರಿಂದ. ಮೇಲಿನ ಅಥವಾ ನಡುವಿನ ಕ್ಯಾಲಿಕ್ಸ್‌ನಲ್ಲಿರುವ ಕಲ್ಲನ್ನು ಹೊರಗಿನಿಂದ ಆಘಾತ ತರಂಗ ಕೊಟ್ಟು ಪುಡಿ ಮಾಡಿದರೆ ಪುಡಿ ಇಳಿದುಹೋಗುತ್ತದೆ. ಈ ವಿಧಾನವನ್ನು ರೋಗಿಯ ಮೇಲೆ ಮೊದಲು ಬಳಸಿದ್ದು 1980ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಕೆಳಗಿನ ಕ್ಯಾಲಿಕ್ಸ್‌ನಲ್ಲಿ ಕಲ್ಲು ಒಡೆದರೂ ಪುಡಿ ಮೇಲಕ್ಕೆ ಹತ್ತಿ ಬರಬೇಕು. ಕ್ಯಾಲಿಕ್ಸ್‌ನ ಕತ್ತು ಉದ್ದವಾಗಿದ್ದರೆ, ಕಿರಿದಾಗಿದ್ದರೆ, ಪೆಲ್ವಿಸ್ ಜೊತೆ ಕಡಿದಾದ ಕೋನ ಮಾಡಿದ್ದರೆ ಪುಡಿ ಅಲ್ಲೇ ಉಳಿದು ಮತ್ತೆ ಕಲ್ಲಾಗುತ್ತದೆ. ಅದಕ್ಕೇ ಕೆಳಗಿನ ಕ್ಯಾಲಿಕ್ಸ್‌ನ 10ರಿಂದ 20 ಮಿ.ಮೀ. ಕಲ್ಲುಗಳಿಗೆ ಬಾಗುವ ದೂರ್ಬೀನು ತೂರಿಸಿ ಲೇಸರ್‌ನಿಂದ ಒಡೆಯುವುದನ್ನೋ, ಬೆನ್ನಿನ ಕಡೆಯಿಂದ ಚುಚ್ಚಿ ತೆಗೆಯುವುದನ್ನೋ ವೈದ್ಯರು ಆರಿಸಿಕೊಳ್ಳುತ್ತಾರೆ. 20 ಮಿ.ಮೀ. ದಾಟಿದರೆ ಸಾಮಾನ್ಯವಾಗಿ ಬೆನ್ನಿನ ದಾರಿಯೇ.

ಆ ಬೆನ್ನಿನ ದಾರಿಯ ಒಂದು ಸೂಕ್ಷ್ಮ ಇಲ್ಲಿ ಹೇಳಲೇಬೇಕು. ಸೂಜಿ ಹೋಗಬೇಕಾದದ್ದು ಪ್ಯಾಪಿಲಾದ ನಡುವಿನಿಂದ ಕ್ಯಾಲಿಕ್ಸ್‌ನ ಬಾಯಿಗೆ, ಅದೂ ಹಿಂಭಾಗದ ಕ್ಯಾಲಿಕ್ಸ್‌ಗೆ. ಕತ್ತಿನ ಪಕ್ಕದಲ್ಲಿ ದೊಡ್ಡ ರಕ್ತನಾಳಗಳು ಹಾದುಹೋಗುತ್ತವೆ, ಅಲ್ಲಿ ಚುಚ್ಚಿದರೆ ರಕ್ತಸ್ರಾವ. ಎಕ್ಸ್‌ರೇ ಪರದೆಯ ಮೇಲೆ ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ತಿಳಿಯುವುದು ಹೇಗೆ? ರೋಗಿಯನ್ನು ಬೋರಲು ಮಲಗಿಸಿ ಕಿಡ್ನಿಯ ಪೆಲ್ವಿಸ್‌ನೊಳಕ್ಕೆ ಸ್ವಲ್ಪ ಗಾಳಿ ಬಿಡುತ್ತಾರೆ. ಗಾಳಿ ಮೇಲಕ್ಕೇರಿ ಹಿಂಭಾಗದ ಕ್ಯಾಲಿಸೀಸ್ ತುಂಬುತ್ತದೆ, ಎಕ್ಸ್‌ರೇಯಲ್ಲಿ ಎದ್ದು ಕಾಣಲೆಂದು ಬಿಡುವ ಭಾರವಾದ ಕಾಂಟ್ರಾಸ್ಟ್ ದ್ರವ ಮುಂಭಾಗದವುಗಳಲ್ಲಿ ನಿಲ್ಲುತ್ತದೆ. ‘ಕ್ಯಾಲಿಸೀಸ್’ ಎಂಬ ಬಹುವಚನ ಆಪರೇಷನ್ ಕೋಣೆಯಲ್ಲಿ ಎಷ್ಟು ನಿರ್ದಿಷ್ಟವಾಗಬೇಕಾಗುತ್ತದೆ ನೋಡಿ. ಹತ್ತರಲ್ಲಿ ಒಂದು ಯಾವುದು ಎಂಬುದೇ ಅಲ್ಲಿನ ಪ್ರಶ್ನೆ.

ಕ್ಷಯ ಕಿಡ್ನಿಗೆ ಬಂದಾಗಲೂ ಮೊದಲ ಗುರುತು ಕ್ಯಾಲಿಕ್ಸ್‌ನಲ್ಲೇ: ಅಂಚು ನುಸಿ ತಿಂದಂತೆ ಸವೆಯುತ್ತದೆ, ಕತ್ತು ಕಟ್ಟಿಕೊಂಡು ಆ ಒಂದು ಕ್ಯಾಲಿಕ್ಸ್ ಚಿತ್ರದಿಂದಲೇ ಮಾಯವಾಗಬಹುದು. ಸಕ್ಕರೆ ಕಾಯಿಲೆಯವರಲ್ಲಿ, ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರಲ್ಲಿ ಪ್ಯಾಪಿಲಾ ಸತ್ತು ಕಳಚಿ, ಕಲ್ಲಿನ ಹಾಗೇ ದಾರಿ ಕಟ್ಟುವುದುಂಟು.

ಇನ್ನು ಗಿಡದ ಕಡೆಗೆ. ಮೇಜಿನ ಮೇಲೆ ದಾಸವಾಳ, ಗುಳ್ಳ ಬದನೆ, ಬೆಂಡೆ ಹೂ, ದಾಳಿಂಬೆ, ಲವಂಗ, ಒಣಗಿದ ಕೆಂಪು ಪುಂಡಿ ಇಟ್ಟಿದ್ದೇವೆ.

ದಾಸವಾಳವನ್ನು ಕೈಗೆತ್ತಿಕೊಳ್ಳಿ. ಕೆಂಪು ಎಸಳಿನ ಹೊರಗೆ ಹಸಿರು ಕೊಳವೆ, ಅದರ ಬಾಯಿ ಐದು ಹಲ್ಲಾಗಿ ಸೀಳಿದೆ. ಅದು ಪುಷ್ಪಪಾತ್ರೆ. ಅದರ ಕೆಳಗೆ ಇನ್ನೂ ಒಂದು ಸುತ್ತು ತೆಳ್ಳಗಿನ ಹಸಿರು ಎಲೆಗಳಿವೆ, ಐದಾರರಿಂದ ಒಂಬತ್ತರವರೆಗೆ. ಇದು ಎಪಿಕ್ಯಾಲಿಕ್ಸ್, ಉಪಪುಷ್ಪಪಾತ್ರೆ. ಇದನ್ನೂ ಸೇರಿಸಿ ‘ಪುಷ್ಪಪತ್ರ ಹನ್ನೆರಡು’ ಎಂದು ಮಕ್ಕಳು ಬರೆಯುವುದು ಪ್ರಯೋಗ ತರಗತಿಯಲ್ಲಿ ತೀರಾ ಸಾಮಾನ್ಯ. ಬ್ಲೇಡಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿ ಬಿಡಿಸಿಟ್ಟರೆ ಐದು ಹಲ್ಲು ಒಂದೇ ತಗಡಿನಲ್ಲಿ ಕಾಣುತ್ತವೆ, ಹೊರಸುತ್ತಿನವು ಬಿಡಿಬಿಡಿಯಾಗಿ ಉದುರುತ್ತವೆ. ಹೀಗೆ ಒಂದು ಸಲ ಮಾಡಿಸಿದರೆ ಸಾಕು.

ಬೆಂಡೆ ದಾಸವಾಳದ್ದೇ ಕುಟುಂಬ, ನಡತೆ ಬೇರೆ. ಹೂವರಳುವಾಗ ಅದರ ಪುಷ್ಪಪಾತ್ರೆ ಒಂದು ಬದಿಗೆ ಸೀಳಿಕೊಳ್ಳುತ್ತದೆ, ಎಸಳಿನ ಜೊತೆಗೇ ಉದುರುತ್ತದೆ. ಬೆಂಡೆಕಾಯಿಯ ತಲೆಯ ಮೇಲೆ ಉಳಿಯುವ ಟೋಪಿ ಪುಷ್ಪಪಾತ್ರೆಯಲ್ಲ. ಬದನೆ, ಟೊಮೆಟೊ, ಮೆಣಸಿನಕಾಯಿಗಳಲ್ಲಾದರೆ ಅದು ಹಣ್ಣಾದ ಮೇಲೂ ಉಳಿಯುತ್ತದೆ. ನಾವು ತೊಟ್ಟು ಎಂದು ಒಟ್ಟಿಗೆ ಕರೆಯುವುದರಲ್ಲಿ ಕಾವು ಒಂದು ಭಾಗ, ಹರಡಿದ ನಕ್ಷತ್ರದಂಥ ಪುಷ್ಪಪಾತ್ರೆ ಇನ್ನೊಂದು ಭಾಗ. ಉಡುಪಿಯ ಮಟ್ಟುಗುಳ್ಳದಲ್ಲಿ ಅದರ ಮೇಲೆ ಮುಳ್ಳೂ ಇರುತ್ತದೆ.

ಬದನೆ ಕೊಳ್ಳುವಾಗ ಈ ನಕ್ಷತ್ರವನ್ನೇ ನೋಡಿ. ಹಸಿರಾಗಿ, ಬಿಗಿಯಾಗಿ ಕಾಯಿಗೆ ಅಂಟಿದ್ದರೆ ಹೊಸ ಕಾಯಿ. ಅಂಚು ಕಂದಾಗಿ ಮೇಲೆದ್ದಿದ್ದರೆ ಕೊಯ್ದು ದಿನಗಳಾಗಿವೆ. ನೇರಳೆ ಬದನೆಯಲ್ಲಿ ಅಂಚನ್ನು ಮೆಲ್ಲಗೆ ಎತ್ತಿದರೆ ಕೆಳಗಿನ ಸಿಪ್ಪೆ ಬಿಳಿಚಿಕೊಂಡಿರುತ್ತದೆ. ಬಣ್ಣ ಬರಲು ಬೆಳಕು ಬೇಕು, ಮುಚ್ಚಿದ ಜಾಗಕ್ಕೆ ಅದು ಸಿಗುವುದಿಲ್ಲ. ಕಾಯಿ ಕೊರೆಯುವ ಹುಳು ಒಳಹೋಗುವ ಮುಖ್ಯ ಜಾಗವೂ ಇದೇ. ಮರಿ ಹುಳು ಪುಷ್ಪಪಾತ್ರೆಯ ಅಡಿಯಲ್ಲಿ ತೂರಿ ತೂತನ್ನು ಹಿಕ್ಕೆಯಿಂದ ಮುಚ್ಚುತ್ತದೆ. ಒಮ್ಮೆ ಒಳಸೇರಿದ ಮೇಲೆ ಮೇಲಿನಿಂದ ಹೊಡೆದ ಔಷಧ ಅದಕ್ಕೆ ತಾಗುವುದಿಲ್ಲ. ಮೊಟ್ಟೆಯೊಡೆದು ಕಾಯಿ ಹೊಕ್ಕುವ ಮುಂಚಿನ ಅಲ್ಪ ಸಮಯದಲ್ಲೇ ತಡೆಯಬೇಕು.

ವಿಜಯಪುರ, ಬಾಗಲಕೋಟೆ, ಕೊಪ್ಪಳದ ದಾಳಿಂಬೆ ಬೆಳೆಗಾರರಿಗೂ ಈ ಭಾಗ ಚಿರಪರಿಚಿತ. ಹಣ್ಣಿನ ತಲೆಯ ಮೇಲಿನ ಕಿರೀಟ ಪುಷ್ಪಪಾತ್ರೆಯ ಹಾಲೆಗಳು. ದಾಳಿಂಬೆ ಚಿಟ್ಟೆ ಹೂವಿನ ಮೇಲೆ, ಎಳೆಗಾಯಿಯ ಮೇಲೆ, ಈ ಕಿರೀಟದ ಸುತ್ತ ಮೊಟ್ಟೆ ಇಡುತ್ತದೆ. ಹಿಟ್ಟು ತಿಗಣೆ ಅದರೊಳಗೆ ಅಡಗುತ್ತದೆ. ಪರಾಗಸ್ಪರ್ಶ ಮುಗಿದ ಕೂಡಲೇ ಕಿರೀಟ ಕತ್ತರಿಸಿ ಬೇವಿನ ಎಣ್ಣೆ ಸಿಂಪಡಿಸುವ ಸಲಹೆ ಇರುವುದು ಇದಕ್ಕಾಗಿ. ಪರಾಗಸ್ಪರ್ಶಕ್ಕೆ ಮೊದಲೇ ಕತ್ತರಿಸಿದರೆ ಕೇಸರಗಳಿಗೆ ಪೆಟ್ಟಾಗಿ ಕಾಯಿ ಕಚ್ಚುವುದಿಲ್ಲ.

ಲವಂಗವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ನೋಡಿ. ತುದಿಯ ಉಂಡೆ ನಾಲ್ಕು ಎಸಳಾಗಿ ಬಿಡುತ್ತದೆ, ಒಳಗೆ ಕೇಸರಗಳ ಗೊಂಚಲು. ಉಂಡೆಯ ಸುತ್ತಲಿನ ನಾಲ್ಕು ಚೂಪು ಮುಳ್ಳುಗಳು ಪುಷ್ಪಪಾತ್ರೆಯ ಹಾಲೆ. ನಾವು ಒಗ್ಗರಣೆಗೆ ಹಾಕುವುದು ಅರಳದ ಮೊಗ್ಗನ್ನು.

ಪುಷ್ಪಪಾತ್ರೆ ಹೂವಿನ ನಂತರವೂ ಬೆಳೆದು ಬೇರೆ ಕೆಲಸ ಹಿಡಿಯುವ ಉದಾಹರಣೆಗಳು ಇನ್ನೂ ಸೊಗಸು. ಸಾಗುವಾನಿಯ ಕಾಯಿ ಕಾಗದದಂಥ ಬುಡ್ಡೆಯೊಳಗೆ ಕೂತಿರುತ್ತದೆ, ಆ ಬುಡ್ಡೆ ಉಬ್ಬಿದ ಪುಷ್ಪಪಾತ್ರೆ. ನರ್ಸರಿಯವರು ಕಾಯಿಯನ್ನು ಚೀಲದಲ್ಲಿ ಹಾಕಿ ಉಜ್ಜಿ ಅದನ್ನು ತೆಗೆದೇ ಬಿತ್ತುತ್ತಾರೆ. ಪಶ್ಚಿಮ ಘಟ್ಟದ ಹೊಪಿಯಾ ಮರಗಳಲ್ಲಿ ಐದರಲ್ಲಿ ಎರಡು ಪುಷ್ಪಪತ್ರ ಉದ್ದ ರೆಕ್ಕೆಯಾಗಿ ಕಾಯನ್ನು ಗಾಳಿಯಲ್ಲಿ ತಿರುಗಿಸುತ್ತವೆ. ಅಸ್ಸಾಮಿನಲ್ಲಿ ಔಟೆಂಗಾ ಎಂದು ಸಾರಿಗೆ ಹಾಕುವ ಹುಳಿ ಹಣ್ಣಿನಲ್ಲಿ ತಿನ್ನುವುದು ದಪ್ಪಗಾದ ಪುಷ್ಪಪತ್ರಗಳನ್ನೇ.

ಸಸ್ಯಗಳ ವಿಷಯದಲ್ಲಿ ಕ್ಯಾಲಿಸೀಸ್ ಎಂಬ ಬಹುವಚನ ಅತಿ ಹೆಚ್ಚು ಓಡಾಡುವುದು ಕೆಂಪು ಪುಂಡಿಯ ವ್ಯಾಪಾರದಲ್ಲಿ. ಅಂಗಡಿಯಲ್ಲಿ ‘ಹೈಬಿಸ್ಕಸ್ ಟೀ’, ‘ಒಣ ಹೂ’ ಎಂದು ಮಾರುವುದು ಹೂವಿನ ಎಸಳಲ್ಲ. ಎಸಳು ಉದುರಿದ ಮೇಲೆ ಕಾಯಿಯ ಸುತ್ತ ದಪ್ಪಗಾಗಿ ಕೆಂಪೇರಿದ ಪುಷ್ಪಪಾತ್ರೆಗಳು ಅವು. ಸುಡಾನ್, ಈಜಿಪ್ಟಿನಲ್ಲಿ ಕರ್ಕದೆ ಎಂದು ಕುಡಿಯುವುದೂ ಇದನ್ನೇ. ಸರಕಿನ ಚೀಟಿಯಲ್ಲಿ ಡ್ರೈಡ್ ಕ್ಯಾಲಿಸೀಸ್ ಎಂದಿದ್ದರೆ ಅದು ಸರಿಯಾದ ಬಳಕೆ, ಏಕೆಂದರೆ ಚೀಲದಲ್ಲಿರುವುದು ಸಾವಿರಾರು ಹೂವುಗಳ ಪುಷ್ಪಪಾತ್ರೆ.

ಕೊಯ್ಲಿನ ಸಮಯ ಇಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತದೆ. ಹೂವರಳಿ ಸುಮಾರು ಮೂರು ವಾರಕ್ಕೆ ಅದು ತುಂಬಿಕೊಂಡು, ಮುರಿದರೆ ಚಟ್ಟನೆ ಮುರಿಯುವ ಹಾಗಿರುತ್ತದೆ. ಆಗ ಕೈಯಲ್ಲೇ ಕೀಳಬಹುದು. ತಡವಾದರೆ ನಾರು ಬಲಿತು, ಒಳಗಿನ ಕಾಯಿ ಒಡೆದು ಬೀಜ ಬೆರೆಯುತ್ತದೆ. ಕಾಯಿ ತೆಗೆಯಲು ತುದಿ ಹರಿತವಾದ ಸಣ್ಣ ಲೋಹದ ಕೊಳವೆಯನ್ನು ತೊಟ್ಟಿನ ಕಡೆಯಿಂದ ಒತ್ತಿದರೆ ಕಾಯಿ ಇನ್ನೊಂದು ಬದಿಗೆ ಜಾರುತ್ತದೆ, ಪಾತ್ರೆ ಇಡಿಯಾಗಿ ಉಳಿಯುತ್ತದೆ. ನೀರಿನಂಶ ಹೆಚ್ಚಿರುವುದರಿಂದ 10 ಕಿಲೋ ಹಸಿಯದು ಒಣಗಿ ಹೆಚ್ಚು ಕಡಿಮೆ 1 ಕಿಲೋ ಆಗುತ್ತದೆ. ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು, ನೇರ ಬಿಸಿಲಿನಲ್ಲಿ ಒಣಗಿಸಿದರೆ ಕಂದಾಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ತೆಳ್ಳಗೆ ಹರಡಬೇಕು. ದಪ್ಪಗೆ ರಾಶಿ ಹಾಕಿದರೆ ಒಳಗೆ ಬೂಷ್ಟು ಹಿಡಿಯುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ನಮ್ಮ ಸಲಹೆ ಇಷ್ಟು. ‘ಕ್ಯಾಲಿಸೀಸ್‌ಗಳು’ ಎಂದು ಬರೆಯಬೇಡಿ, ಅದು ಬಹುವಚನದ ಮೇಲೆ ಬಹುವಚನ. ‘ಕ್ಯಾಲಿಕ್ಸ್‌ಗಳು’ ಸಾಕು. ಎಣಿಕೆ ಮುಂದಿದ್ದರೆ ಕನ್ನಡಕ್ಕೆ ಗಳು ಬೇಡವೇ ಬೇಡ: ಹತ್ತು ಕ್ಯಾಲಿಕ್ಸ್, ಹತ್ತು ಬಟ್ಟಲು. ಹೂವಿಗೆ ಪುಷ್ಪಪಾತ್ರೆ ರೂಢಿಯಲ್ಲಿದೆ, ಬದಲಿಸುವ ಅಗತ್ಯವಿಲ್ಲ. ಕಿಡ್ನಿಗೆ ಪುಷ್ಪಪಾತ್ರೆ ಎಂದು ಅನುವಾದಿಸಿದರೆ ಅನರ್ಥ. ಅಲ್ಲಿ ಕಿರುಬಟ್ಟಲು, ಹಿರಿಬಟ್ಟಲು ಎಂದರೆ ಓದುಗರಿಗೆ ಚಿತ್ರ ಮೂಡುತ್ತದೆ. ಆದರೆ ರೋಗಿಗೆ ಕೊಡುವ ಕರಪತ್ರದಲ್ಲಿ ‘ಕ್ಯಾಲಿಕ್ಸ್’ ಪದವನ್ನೂ ಜೊತೆಗಿಡಿ. ಅವರ ಕೈಯಲ್ಲಿರುವ ವರದಿಯಲ್ಲಿ ಇರುವುದು ಅದೇ.

ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದೆ.

ಕ್ಯಾಲಿಸೀಸ್ ಸ್ವಲ್ಪ ಹಿಗ್ಗಿವೆ ಎಂದು ವರದಿಯಲ್ಲಿದ್ದರೆ ಹೆದರಬೇಕೇ? ಸ್ಕ್ಯಾನಿಂಗ್‌ಗೆ ಮುಂಚೆ ನೀರು ಕುಡಿಸಿ ಮೂತ್ರಕೋಶ ತುಂಬಿಸಿರುತ್ತಾರೆ. ತುಂಬಿದ ಮೂತ್ರಕೋಶದಿಂದಲೇ ಅಲ್ಪ ಹಿಗ್ಗುವಿಕೆ ಕಾಣಬಹುದು. ಮೂತ್ರ ಮಾಡಿ ಬಂದ ಮೇಲೆ ಮತ್ತೆ ನೋಡಿದರೆ ಅದು ಇಳಿದಿರುತ್ತದೆ, ಹೀಗೆ ನೋಡಿದ್ದಾರೆಯೇ ಎಂದು ಕೇಳಿ. ಗರ್ಭಿಣಿಯರಲ್ಲಿ, ಅದರಲ್ಲೂ ಬಲಗಡೆ, ಅಲ್ಪ ಹಿಗ್ಗುವಿಕೆ ಸಾಮಾನ್ಯ. ಎಲ್ಲ ಕ್ಯಾಲಿಕ್ಸ್‌ಗಳೂ ಹಿಗ್ಗಿ ಕಾರ್ಟೆಕ್ಸ್ ತೆಳುವಾಗಿದೆ ಎಂದಿದ್ದರೆ ತಡೆ ಬಹಳ ದಿನದ್ದು, ತಡ ಮಾಡಬಾರದು. ತಡೆಯ ಜೊತೆ ಚಳಿ ಜ್ವರ ಇದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು, ಕಟ್ಟಿಕೊಂಡ ಮೂತ್ರದಲ್ಲಿನ ಸೋಂಕು ರಕ್ತಕ್ಕೆ ಹರಡುವುದು ಗಂಟೆಗಳ ಮಾತು. ಸಣ್ಣ ಕಲ್ಲುಗಳ ಅಳತೆಯನ್ನು ಅಲ್ಟ್ರಾಸೌಂಡ್ ಹೆಚ್ಚಾಗಿ ತೋರಿಸುವುದುಂಟು, ಚಿಕಿತ್ಸೆ ನಿರ್ಧರಿಸುವ ಮುನ್ನ ಕಾಂಟ್ರಾಸ್ಟ್ ಇಲ್ಲದ ಸಿಟಿ ಸ್ಕ್ಯಾನ್ ಮಾಡಿಸುವುದು ಅದಕ್ಕೆ.

ಶಾಲೆಯಲ್ಲಿ ಕುರಿ ಅಥವಾ ಆಡಿನ ಕಿಡ್ನಿ ತಂದು ಸೀಳಿದರೆ ಕ್ಯಾಲಿಸೀಸ್ ಏಕೆ ಕಾಣುವುದಿಲ್ಲ? ಏಕೆಂದರೆ ಅದರಲ್ಲಿ ಇಲ್ಲ. ಕುರಿ, ಆಡು, ನಾಯಿಗಳಲ್ಲಿ ಪಿರಮಿಡ್‌ಗಳೆಲ್ಲ ಬೆಸೆದು ಒಂದೇ ಉದ್ದನೆಯ ಏಣಾಗಿರುತ್ತದೆ, ಮೂತ್ರ ನೇರ ಪೆಲ್ವಿಸ್‌ಗೆ ಬೀಳುತ್ತದೆ. ದನದ ಕಿಡ್ನಿಯಲ್ಲಿ ಕ್ಯಾಲಿಸೀಸ್ ಉಂಟು, ಪೆಲ್ವಿಸ್ ಇಲ್ಲ. ಮನುಷ್ಯನದಕ್ಕೆ ಹತ್ತಿರವಾದದ್ದು ಹಂದಿಯ ಕಿಡ್ನಿ. ಅದನ್ನು ಹೊರಗಿನ ಉಬ್ಬು ಬದಿಯಿಂದ ಒಳಗಿನ ತಗ್ಗಿನ ಕಡೆಗೆ ಅಡ್ಡ ಮಲಗಿಸಿ ಸೀಳಿ, ಪೂರ್ತಿ ಎರಡು ಹೋಳು ಮಾಡದೆ ಪುಸ್ತಕದಂತೆ ತೆರೆಯಿರಿ. ಮೂತ್ರನಾಳದಿಂದ ಮೊಂಡು ಕಡ್ಡಿಯೊಂದನ್ನು ಮೆಲ್ಲಗೆ ತೂರಿಸಿದರೆ ಅದು ಪೆಲ್ವಿಸ್ ದಾಟಿ ಒಂದು ಕ್ಯಾಲಿಕ್ಸ್‌ನಲ್ಲಿ, ಪ್ಯಾಪಿಲಾದ ತುದಿಗೆ ತಾಗಿ ನಿಲ್ಲುತ್ತದೆ. ಕಡ್ಡಿಯನ್ನು ಹಿಂದಕ್ಕೆಳೆದು ದಿಕ್ಕು ಬದಲಿಸಿ ಮತ್ತೆ ಬಿಟ್ಟರೆ ಇನ್ನೊಂದು ಸಿಗುತ್ತದೆ. ಕುರಿಯ ಕಿಡ್ನಿ ಮಾತ್ರ ಸಿಗುವ ಊರಿನಲ್ಲಿ ಅದನ್ನೇ ತೋರಿಸಿ, ಆದರೆ ಪುಸ್ತಕದ ಚಿತ್ರ ಮನುಷ್ಯನದು, ಕೈಯಲ್ಲಿರುವುದು ಬೇರೆ ಮಾದರಿಯದು ಎಂದು ಮೊದಲೇ ಹೇಳಿಬಿಡಿ.